ಗಾಯದ ಪದಗಳು: ತೆಂಗಿನ ಸೀಮೆಯ ಬಳಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮರ ಹತ್ತುವ, ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ಕೆಲಸಗಳಲ್ಲಿ ಆಗುವ ಪೆಟ್ಟಿಗೆ ಮನೆಯಲ್ಲಿ ಒಂದು ಹೆಸರು, ಆಸ್ಪತ್ರೆಯ ಚೀಟಿಯಲ್ಲಿ ಇನ್ನೊಂದು.

ಮಚ್ಚಿನ ಅಲಗು ತಾಗಿ ಅಂಚು ನೇರವಾಗಿ ಸೀಳಿದರೆ ವೈದ್ಯರಿಗೆ ಅದು ಇನ್‌ಸೈಸ್ಡ್ ವೂಂಡ್. ಮರದಿಂದ ಬಿದ್ದು ಕಲ್ಲಿಗೆ ಬಡಿದು ಚರ್ಮ ಹರಿದರೆ ಲ್ಯಾಸರೇಶನ್. ಅಂಚು ಚಿಂದಿಯಾಗಿದ್ದು, ತಳದಲ್ಲಿ ಹರಿಯದ ಎಳೆಗಳು ಉಳಿದಿರುತ್ತವೆ. ಕನ್ನಡದ ‘ಗಾಯ’ ಎರಡನ್ನೂ ನುಂಗುತ್ತದೆ. ಪೊಲೀಸ್ ಪ್ರಕರಣದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ: ಹರಿತವಾದ ಆಯುಧವೋ, ಮೊಂಡು ವಸ್ತುವೋ ಎಂಬುದಕ್ಕೆ ಅದೇ ಸುಳಿವು. ಸುಲಿಯುವ ಕಬ್ಬಿಣದ ಮೊನೆ ಅಂಗೈಗೆ ಇಳಿದರೆ ಪಂಕ್ಚರ್. ಬಾಯಿ ಕಿರಿದು, ಆಳ ಹೆಚ್ಚು, ಧನುರ್ವಾಯುವಿನ ಅಪಾಯವೂ ಉಂಟು. ಕಾಂಡಕ್ಕೆ ಉಜ್ಜಿದ್ದು ತರಚುಗಾಯ. ಚರ್ಮ ಒಡೆಯದೆ ಒಳಗೇ ರಕ್ತ ಕಂದಿದರೆ ಮೂಗೇಟು, ಅಂದರೆ ಕಂಟ್ಯೂಷನ್. ಅದು ಮೂಗಿಗೇ ಬೀಳಬೇಕಿಲ್ಲ.

‘ಉಳುಕು’ ಇನ್ನೂ ಸಡಿಲ. ಕೀಲಿನ ಅಸ್ಥಿರಜ್ಜು ಎಳೆದರೆ ಸ್ಪ್ರೇನ್, ಸ್ನಾಯು ಎಳೆದರೆ ಸ್ಟ್ರೇನ್. ಹಳ್ಳಿಯಲ್ಲಿ ಎರಡಕ್ಕೂ ಒಂದೇ ಮಾತು, ಒಂದೇ ಎಣ್ಣೆ.

ಕಾನೂನಿನ ‘ಇಂಜುರಿ’ ದೇಹಕ್ಕಷ್ಟೇ ಸೀಮಿತವಲ್ಲ; ಮನಸ್ಸು, ಮಾನ, ಆಸ್ತಿಗೆ ಅಕ್ರಮವಾಗಿ ಮಾಡಿದ ಹಾನಿಯೂ ಅದರಲ್ಲಿ ಸೇರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 114ನೇ ಕಲಂ ಸಾಮಾನ್ಯ ಗಾಯವನ್ನೂ 116ನೇ ಕಲಂ ಘೋರ ಗಾಯವನ್ನೂ ವಿವರಿಸುತ್ತದೆ. ಮೂಳೆ ಮುರಿತ ಘೋರವೇ. ತೀವ್ರ ನೋವು ಘೋರವೆನಿಸಲು ಬೇಕಾದ ಅವಧಿಯನ್ನು ಹಳೆಯ ದಂಡ ಸಂಹಿತೆಯ 20 ದಿನದಿಂದ 15ಕ್ಕೆ ಇಳಿಸಲಾಗಿದೆ.