ಪಕ್ಷವೋ, ವ್ಯಕ್ತಿಯೋ? ಎರಡು ತಾಲ್ಲೂಕುಗಳ ಚುನಾವಣಾ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ನೆರೆಹೊರೆಯ ತಾಲ್ಲೂಕುಗಳು. ತಾಳಗುಂದದ ಶಾಸನ, ಬಳ್ಳಿಗಾವಿಯ ದೇಗುಲಗಳು, ಚಂದ್ರಗುತ್ತಿಯ ಬೆಟ್ಟ ಇವುಗಳಿಂದ ಇತಿಹಾಸಾಸಕ್ತರಿಗೆ ಪರಿಚಿತವಾದ ಈ ನೆಲ, ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನೂ ನೀಡಿದೆ. ಮತದಾರನು ಆರಿಸುವುದು ಪಕ್ಷವನ್ನೋ ವ್ಯಕ್ತಿಯನ್ನೋ ಎಂದು ಪೌರನೀತಿಯ ತರಗತಿಯಲ್ಲಿ ಮಕ್ಕಳು ಕೇಳುತ್ತಿದ್ದ ಪ್ರಶ್ನೆಗೆ ಇವೆರಡರ ಚರಿತ್ರೆ ಉತ್ತಮ ಉದಾಹರಣೆ.

1951ರ ಕಾಗೋಡು ಸತ್ಯಾಗ್ರಹದಿಂದ ಮಲೆನಾಡಿನಲ್ಲಿ ಸಮಾಜವಾದ ಬೇರೂರಿತು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಶಾಸನಸಭೆ ಪ್ರವೇಶಿಸಿದರು. ಅದೇ ಧಾರೆಯಲ್ಲಿ ಬಂದ ಎಸ್. ಬಂಗಾರಪ್ಪನವರು 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಸೊರಬದ ಶಾಸಕರಾದರು. 1994ರವರೆಗೆ ಸತತ ಏಳು ಬಾರಿ ಗೆದ್ದರು. ಈ ಅವಧಿಯಲ್ಲಿ ಅವರ ಪಕ್ಷ, ಚಿಹ್ನೆಗಳು ಬದಲಾದವು, ಸೊರಬ ಬದಲಾಗಲಿಲ್ಲ.

ಶಿಕಾರಿಪುರದ ಕಥೆ ಬೇರೆ. ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಬಂದು ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದ ಬಿ.ಎಸ್. ಯಡಿಯೂರಪ್ಪನವರು 1975ರಲ್ಲಿ ಪುರಸಭೆಯ ಅಧ್ಯಕ್ಷರಾಗಿ, 1983ರಲ್ಲಿ ಭಾರತೀಯ ಜನತಾ ಪಕ್ಷದ ಶಾಸಕರಾದರು. 2012ರಲ್ಲಿ ಅವರು ಪಕ್ಷವನ್ನೂ ಶಾಸಕತ್ವವನ್ನೂ ತ್ಯಜಿಸಿದರು. ಮರುವರ್ಷದ ಚುನಾವಣೆಯಲ್ಲಿ ಅವರ ಕರ್ನಾಟಕ ಜನತಾ ಪಕ್ಷಕ್ಕೆ ರಾಜ್ಯದಲ್ಲಿ ದೊರೆತದ್ದು ಕೇವಲ 6 ಸ್ಥಾನ. ಶಿಕಾರಿಪುರ ಮಾತ್ರ ಅವರ ಕೈಬಿಡಲಿಲ್ಲ.

ಹಾಗಾದರೆ ವ್ಯಕ್ತಿಯೇ ಸರ್ವಸ್ವವೆ? ಅಲ್ಲ. ನಾಲ್ಕು ಬಾರಿ ಗೆದ್ದಿದ್ದ ಯಡಿಯೂರಪ್ಪನವರನ್ನು 1999ರಲ್ಲಿ ಇದೇ ಶಿಕಾರಿಪುರ ಸೋಲಿಸಿ, ಕಾಂಗ್ರೆಸ್ಸಿನ ಬಿ.ಎನ್. ಮಹಾಲಿಂಗಪ್ಪನವರನ್ನು ಆರಿಸಿತು. 2008ರಲ್ಲಿ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳಗಳ ಬೆಂಬಲದೊಡನೆ ಬಂಗಾರಪ್ಪನವರು ಶಿಕಾರಿಪುರದಲ್ಲಿ ಸ್ಪರ್ಧಿಸಿ ಸೋತರು. ಅದೇ ಚುನಾವಣೆಯಲ್ಲಿ ಸೊರಬದ ಜನ ಅವರ ಇಬ್ಬರು ಪುತ್ರರನ್ನೂ ಬದಿಗಿರಿಸಿ ಹರತಾಳು ಹಾಲಪ್ಪನವರನ್ನು ಆರಿಸಿದರು. ನಾಲ್ಕು ವರ್ಷಗಳ ಹಿಂದೆ, 2004ರಲ್ಲಿ, ಬಂಗಾರಪ್ಪನವರು ಬಿಜೆಪಿಯಿಂದ ಲೋಕಸಭೆಗೆ ಆಯ್ಕೆಯಾದಾಗ, ಸೊರಬದಲ್ಲಿ ಅದೇ ಪಕ್ಷದ ಮಧು ಸೋತು, ಕಾಂಗ್ರೆಸ್ಸಿನ ಕುಮಾರ್ ಗೆದ್ದಿದ್ದರು.

ಇಲ್ಲಿ ಒಂದು ಅಂಶ ಗಮನಾರ್ಹ. 1985ರ ಪಕ್ಷಾಂತರ ನಿಷೇಧ ಕಾಯಿದೆಯ ನಂತರ ಪಕ್ಷ ತೊರೆಯುವವರು ಸ್ಥಾನವನ್ನೂ ತೊರೆಯಬೇಕಾಯಿತು. 2005ರಲ್ಲಿ ಬಂಗಾರಪ್ಪನವರು ಲೋಕಸಭಾ ಸ್ಥಾನಕ್ಕೆ ರಾಜೀನಾಮೆಯಿತ್ತು, ಸಮಾಜವಾದಿ ಪಕ್ಷದಿಂದ ಉಪಚುನಾವಣೆಯಲ್ಲಿ ಮರಳಿ ಗೆದ್ದರು. ಮತದಾರನ ಮುಂದೆ ಮತ್ತೆ ನಿಲ್ಲುವ ಈ ಕ್ರಮ ಗೌರವಯುತವಾದದ್ದು. ಆದರೆ 2008 ಮತ್ತು 2019ರಲ್ಲಿ ಇದೇ ರಾಜೀನಾಮೆಯ ದಾರಿ ಸರ್ಕಾರಗಳ ಬಹುಮತವನ್ನು ಕಟ್ಟುವ, ಕೆಡವುವ ಸಾಧನವಾಯಿತು. ಯಡಿಯೂರಪ್ಪನವರ ಸರ್ಕಾರಗಳಿಗೆ ಎರಡೂ ಬಾರಿ ನೆರವಾದುದು ಅದೇ. ಕಾಯಿದೆಯ ಅಕ್ಷರ ಉಳಿಯಿತು, ಆಶಯ ಸವೆಯಿತು.

2023ರಲ್ಲಿ ಶಿಕಾರಿಪುರದಿಂದ ಯಡಿಯೂರಪ್ಪನವರ ಪುತ್ರ ವಿಜಯೇಂದ್ರ, ಸೊರಬದಿಂದ ಬಂಗಾರಪ್ಪನವರ ಪುತ್ರ ಮಧು ಆಯ್ಕೆಯಾದರು. ವಿಜಯೇಂದ್ರರ ಗೆಲುವಿನ ಅಂತರ ಪಕ್ಷೇತರ ಅಭ್ಯರ್ಥಿಯೆದುರು 11,008 ಮತ. ಸೊರಬದಲ್ಲಿ ಸೋತವರು ಮಧು ಅವರ ಅಣ್ಣ ಕುಮಾರ್. ಮನೆತನದ ಹೆಸರಿಗೆ ಬೆಲೆಯಿದೆ, ನಿಜ. ಆದರೆ ಆ ಬೆಲೆಯನ್ನು ಪ್ರತಿ ಚುನಾವಣೆಯಲ್ಲೂ ಹೊಸದಾಗಿ ಕಟ್ಟುವವರು ಈ ಎರಡು ತಾಲ್ಲೂಕುಗಳ ಮತದಾರರೇ ಎಂಬುದನ್ನು ಅಭ್ಯರ್ಥಿಗಳು ಮರೆಯದಿರುವುದು ಲೇಸು.