ಸಿಕಲ್ ಸೆಲ್ ರೋಗ: ವಯಸ್ಕ ರೋಗಿಯ ಸ್ವ-ಆರೈಕೆಯ ಶಿಕ್ಷಣ ಬೆಳೆದು ಬಂದ ಬಗೆ

ಸಿಕಲ್ ಸೆಲ್ ರೋಗವು ದೋಷವುಳ್ಳ ಹಿಮೋಗ್ಲೋಬಿನ್ ವಂಶವಾಹಿಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರಲ್ಲಿ ಕಾಣಿಸಿಕೊಳ್ಳುವ ರಕ್ತದ ಕಾಯಿಲೆ. ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಗಡುಸಾಗಿ, ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ತಲುಪದ ಭಾಗದಲ್ಲಿ ಏಳುವ ನೋವು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವುದಿಲ್ಲ. ಒಬ್ಬರಿಂದ ಮಾತ್ರ ಈ ವಂಶವಾಹಿಯನ್ನು ಪಡೆದವರು ವಾಹಕರು. ಅವರಲ್ಲಿ ಸಾಮಾನ್ಯವಾಗಿ ಕಾಯಿಲೆಯ ಲಕ್ಷಣಗಳಿರುವುದಿಲ್ಲ. ವಾಹಕರು ಯಾರು, ಯಾರು ಯಾರನ್ನು ಮದುವೆಯಾದರೆ ಏನಾದೀತು ಎಂದು ತಿಳಿಹೇಳುವುದೇ ಬಹುಕಾಲ ಈ ರೋಗದ ಬಗೆಗಿನ ಶಿಕ್ಷಣವಾಗಿತ್ತು. ರೋಗವನ್ನು ಹೊತ್ತೇ ಬದುಕುತ್ತಿರುವ ವಯಸ್ಕರಿಗೆ ಏನನ್ನು ಕಲಿಸಬೇಕೆಂಬ ಪ್ರಶ್ನೆ ವೈದ್ಯರ ಮುಂದೆ ಬಂದದ್ದು ತಡವಾಗಿ. ಇಂಥ ರೋಗಿಗಳು ದೊಡ್ಡವರಾಗಿ ಬಾಳುತ್ತಾರೆಂಬ ನಿರೀಕ್ಷೆಯೇ ಆಗ ಇರಲಿಲ್ಲ.

ವಿಚಿತ್ರವೆಂದರೆ, ಪಾಶ್ಚಾತ್ಯ ವೈದ್ಯಸಾಹಿತ್ಯದಲ್ಲಿ ದಾಖಲಾದ ಮೊದಲ ರೋಗಿ ಮಗುವಲ್ಲ, ಇಪ್ಪತ್ತರ ತರುಣ. ಗ್ರೆನಡಾ ದ್ವೀಪದಿಂದ ಶಿಕಾಗೋಗೆ ದಂತವೈದ್ಯಕೀಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ 1904ರ ಕೊನೆಯಲ್ಲಿ ಆಸ್ಪತ್ರೆ ಸೇರಿದ. ಅವನ ರಕ್ತದಲ್ಲಿ ಕಂಡ ಬಾಗಿದ ಕಣಗಳ ವರದಿಯನ್ನು ಜೇಮ್ಸ್ ಹೆರಿಕ್ 1910ರಲ್ಲಿ ಪ್ರಕಟಿಸಿದರು. ನೋಯೆಲ್ ಓದು ಮುಗಿಸಿ ಊರಿಗೆ ಮರಳಿ ವೃತ್ತಿ ನಡೆಸಿ 1916ರಲ್ಲಿ ತೀರಿಕೊಂಡ. ಪಶ್ಚಿಮ ಆಫ್ರಿಕದ ಕುಟುಂಬಗಳಿಗೆ ಈ ಕಾಯಿಲೆ ಇನ್ನೂ ಹಿಂದಿನಿಂದ ಪರಿಚಿತ. ಘಾನಾದ ವೈದ್ಯ ಫೆಲಿಕ್ಸ್ ಕೊನೊಟಿ-ಅಹುಲು ತಮ್ಮದೇ ವಂಶದಲ್ಲಿ ಇದರ ಜಾಡನ್ನು ಹದಿನೇಳನೆಯ ಶತಮಾನದವರೆಗೆ ಹಿಡಿದು ತೋರಿಸಿದ್ದಾರೆ. ಮಳೆಗಾಲದಲ್ಲಿ ಕೀಲುನೋವು ಕೆರಳುತ್ತದೆ, ಇದು ಮನೆತನದಲ್ಲಿ ಹರಿದು ಬರುತ್ತದೆ ಎಂಬುದನ್ನು ಅಲ್ಲಿಯ ಜನ ಸೂಕ್ಷ್ಮದರ್ಶಕದ ನೆರವಿಲ್ಲದೆಯೇ ಕಂಡುಕೊಂಡಿದ್ದರು.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಇದನ್ನು ಅಣುಮಟ್ಟದ ರೋಗವೆಂದು ತೋರಿಸಿದರು. ವಿಜ್ಞಾನಿಗಳ ಆಸಕ್ತಿ ಹೆಚ್ಚಿತು. ರೋಗಿಗಳ ಪಾಲಿಗೆ ಅದರಿಂದ ಒದಗಿದ್ದು ಬಹಳ ಕಡಿಮೆ. ಅಮೆರಿಕದಲ್ಲಿ ಸಾರ್ವಜನಿಕ ಶಿಕ್ಷಣ ಬಿರುಸಾದದ್ದು 1970ರ ಸುಮಾರಿಗೆ. ಹೋವರ್ಡ್ ವಿಶ್ವವಿದ್ಯಾಲಯದ ರೋಲಂಡ್ ಸ್ಕಾಟ್ ಈ ರೋಗಕ್ಕೆ ಸಿಗುತ್ತಿದ್ದ ಸಂಶೋಧನಾ ಹಣ ಎಷ್ಟು ಅಲ್ಪವೆಂದು ಎತ್ತಿ ತೋರಿಸಿದರು, ಬ್ಲ್ಯಾಕ್ ಪ್ಯಾಂಥರ್ ಪಕ್ಷ ಬೀದಿಗಳಲ್ಲಿ ರಕ್ತಪರೀಕ್ಷೆ ನಡೆಸಿತು, 1972ರಲ್ಲಿ ರಾಷ್ಟ್ರೀಯ ಕಾಯಿದೆಯೇ ಬಂತು. ಆದರೆ ಪರೀಕ್ಷೆಯ ವೇಗಕ್ಕೆ ತಿಳಿವಳಿಕೆ ಹೆಜ್ಜೆ ಹಾಕಲಿಲ್ಲ. ವಾಹಕರನ್ನೂ ರೋಗಿಗಳೆಂದು ಬಗೆದು ಕೆಲಸ ಮತ್ತು ವಿಮೆ ನಿರಾಕರಿಸಿದ ಪ್ರಸಂಗಗಳು ನಡೆದವು. ವಾಯುಪಡೆಯ ಅಕಾಡೆಮಿ 1981ರವರೆಗೂ ವಾಹಕರನ್ನು ಹೊರಗಿಟ್ಟಿತ್ತು. ಆ ದಶಕದ ಶಿಕ್ಷಣದ ಗುರಿ ಹುಟ್ಟಲಿರುವ ಮಗುವಿನ ಮೇಲಿತ್ತು. ಆಗಲೇ ಹುಟ್ಟಿ, ಬೆಳೆದು, ನೋವು ಅನುಭವಿಸುತ್ತಿದ್ದವರ ಕಡೆಗೆ ಅದು ಹೆಚ್ಚು ನೋಡಲಿಲ್ಲ.

ಕಲಿಸುವುದರಿಂದಲೇ ಜೀವ ಉಳಿಯಬಹುದೆಂಬುದಕ್ಕೆ ದಿಟವಾದ ಸಾಕ್ಷ್ಯ ಜಮೈಕಾದಿಂದ ಬಂತು. 1973ರಿಂದ 1981ರವರೆಗೆ ಕಿಂಗ್‌ಸ್ಟನ್ನಿನ ವಿಕ್ಟೋರಿಯಾ ಜೂಬಿಲಿ ಆಸ್ಪತ್ರೆಯಲ್ಲಿ ಹುಟ್ಟಿದ ಒಂದು ಲಕ್ಷ ಶಿಶುಗಳ ರಕ್ತ ಪರೀಕ್ಷಿಸಿ, ರೋಗವಿದ್ದವರನ್ನು ಗ್ರಹಾಂ ಸರ್ಜಂಟ್ ನೇತೃತ್ವದ ತಂಡ ವರ್ಷಾನುಗಟ್ಟಲೆ ಹಿಂಬಾಲಿಸಿತು. ಎಳೆಯ ಮಕ್ಕಳಲ್ಲಿ ರಕ್ತದ ಬಹುಪಾಲು ದಿಢೀರನೆ ಗುಲ್ಮದಲ್ಲಿ ಸಿಕ್ಕಿಕೊಂಡು, ಕೆಲವೇ ಗಂಟೆಗಳಲ್ಲಿ ಸಾವು ಬರುವುದುಂಟು. ವೈದ್ಯರ ಬಳಿ ತರುವ ಹೊತ್ತಿಗೆ ಕಾಲ ಮೀರಿರುತ್ತಿತ್ತು. ತಂಡ ಹಿಡಿದ ಉಪಾಯ ಸರಳವಾದದ್ದು: ಎಡ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಗುಲ್ಮ ಮುಟ್ಟಿ ನೋಡುವುದನ್ನು, ಅದು ಊದಿದ್ದರೆ ತಕ್ಷಣ ಮಗುವನ್ನು ಕರೆತರುವುದನ್ನು ತಾಯಂದಿರಿಗೆ ಕಲಿಸುವುದು. 1985ರಲ್ಲಿ ಪ್ರಕಟವಾದ ಫಲಿತಾಂಶದಂತೆ ಪತ್ತೆಯಾದ ಪ್ರಸಂಗಗಳ ಸಂಖ್ಯೆ ಏರಿತು, ಸಾವಿನ ಪ್ರಮಾಣ ಮಾತ್ರ ನೂರಕ್ಕೆ ಸುಮಾರು 29ರಿಂದ 3ರ ಆಸುಪಾಸಿಗೆ ಕುಸಿಯಿತು. ಹೊಸ ಔಷಧಿ ಇಲ್ಲ, ಯಂತ್ರ ಇಲ್ಲ. ಓದುಬರಹ ಕಡಿಮೆಯಿದ್ದವರಿಗೂ ಒಪ್ಪಿಸಬಹುದಾದ ಒಂದೇ ಒಂದು ಕೌಶಲ. ರೋಗಿ ಶಿಕ್ಷಣದ ಇತಿಹಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಟ್ಟ ಪಾಠಗಳು ವಿರಳ.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1979ರಲ್ಲಿ, ಲಂಡನ್ನಿನ ಬ್ರೆಂಟ್ ಭಾಗದಲ್ಲಿ ನರ್ಸ್ ಎಲಿಜಬೆತ್ ಅನಿಯೋನ್ವು ಮತ್ತು ವೈದ್ಯೆ ಮಿಲಿಕಾ ಬ್ರೊಜೊವಿಕ್ ಬ್ರಿಟನ್ನಿನ ಮೊದಲ ಸಿಕಲ್ ಸೆಲ್ ಆಪ್ತಸಲಹಾ ಕೇಂದ್ರವನ್ನು ತೆರೆದರು. ಆಸ್ಪತ್ರೆಯ ಭಾಷೆಯನ್ನು ಮನೆಯ ಭಾಷೆಗೆ ತರುವ ಕೆಲಸ ನರ್ಸುಗಳ ಕೈಗೆ ಬಂದದ್ದು ಹೀಗೆ.

ಮಕ್ಕಳು ಉಳಿಯತೊಡಗಿದ ಮೇಲೆ ವಯಸ್ಕರು ಕಣ್ಣಿಗೆ ಬಿದ್ದರು. ಎಳವೆಯಲ್ಲಿ ಪೆನಿಸಿಲಿನ್ ಕೊಟ್ಟರೆ ಮಾರಕ ಸೋಂಕು ಶೇಕಡ 84ರಷ್ಟು ತಗ್ಗುತ್ತದೆಂದು 1986ರಲ್ಲಿ ಸಾಬೀತಾಯಿತು. 1994ರ ಅಮೆರಿಕನ್ ಅಧ್ಯಯನವೊಂದು ಸಾವಿನ ಮಧ್ಯಾಂಕ ವಯಸ್ಸನ್ನು ಗಂಡಸರಿಗೆ 42, ಹೆಂಗಸರಿಗೆ 48 ಎಂದು ಲೆಕ್ಕಹಾಕಿತು. ಮರುವರ್ಷ ಹೈಡ್ರಾಕ್ಸಿಯೂರಿಯಾ ಗುಳಿಗೆ ನೋವಿನ ಪ್ರಸಂಗಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದು ತಿಳಿಯಿತು. 1998ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ದಿನವೂ ನುಂಗಬೇಕಾದ, ಗುಣ ಕಾಣಲು ತಿಂಗಳುಗಳೇ ಹಿಡಿಯುವ, ಆಗಾಗ ರಕ್ತಪರೀಕ್ಷೆ ಬೇಡುವ ಔಷಧಿ. ಇಂಥದ್ದನ್ನು ಚೀಟಿ ಬರೆದು ಕೊಟ್ಟು ಮುಗಿಸಲಾಗದು, ಕೂತು ಕಲಿಸಬೇಕಾಗುತ್ತದೆ.

ವಯಸ್ಕರ ದಿನನಿತ್ಯದ ನೋವು ಎಷ್ಟೆಂಬುದು ಅಳತೆಗೆ ಸಿಕ್ಕಿದ್ದು 2008ರಲ್ಲಿ. ವರ್ಜೀನಿಯದಲ್ಲಿ ವಾಲಿ ಸ್ಮಿತ್ ಮತ್ತು ಸಂಗಡಿಗರು 232 ರೋಗಿಗಳಿಂದ ದಿನಚರಿ ಬರೆಸಿದರು. ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ನೋವಿತ್ತು. ಆದರೆ ಆಸ್ಪತ್ರೆಗೋ ತುರ್ತು ಚಿಕಿತ್ಸೆಗೋ ಹೋದದ್ದು ಶೇಕಡ 3.5ರಷ್ಟು ದಿನಗಳಲ್ಲಿ ಮಾತ್ರ. ಆಸ್ಪತ್ರೆಯ ಕಡತ ನೋಡಿ ರೋಗವನ್ನು ಅಳೆಯುತ್ತಿದ್ದವರಿಗೆ ಇದು ದೊಡ್ಡ ತಿದ್ದುಪಡಿ. ಸ್ವ-ಆರೈಕೆ ಯಾರೋ ಹೊರಗಿನಿಂದ ಆರಂಭಿಸಬೇಕಾದ ಕಾರ್ಯಕ್ರಮವಾಗಿರಲಿಲ್ಲ. ರೋಗಿಗಳು ಅದನ್ನು ಒಬ್ಬೊಬ್ಬರೇ, ಮನೆಯೊಳಗೇ, ಆಗಲೇ ನಡೆಸುತ್ತಿದ್ದರು.

ಈಗ ಕಲಿಸುವ ವಿಷಯಗಳು ಬಹುಪಾಲು ಸ್ಥಿರಗೊಂಡಿವೆ. ನೀರು ಧಾರಾಳವಾಗಿ ಕುಡಿಯುವುದು, ಚಳಿಗೆ ಮೈಯೊಡ್ಡದಿರುವುದು, ಮೈಮುರಿಯುವ ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವುದು, ನೋವು ಮೊಳೆಯುವಾಗಲೇ ಔಷಧಿ ತೆಗೆದುಕೊಳ್ಳುವುದು. ಅದರ ಜೊತೆಗೆ, ಮನೆಯಲ್ಲಿ ತಡೆದುಕೊಳ್ಳಬಾರದ ಲಕ್ಷಣಗಳು ಯಾವುವೆಂಬ ಅರಿವು: 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ, ಎದೆನೋವಿನೊಂದಿಗೆ ಏದುಸಿರು, ದಿಢೀರನೆ ಕೈಕಾಲು ಸೋಲುವುದು ಅಥವಾ ಮಾತು ತೊದಲುವುದು, ಗಂಡಸರಲ್ಲಿ ನಾಲ್ಕು ಗಂಟೆ ಮೀರಿದ ನೋವಿನ ನಿಮಿರುವಿಕೆ. ಮೂತ್ರಪಿಂಡ ಸೋತವರು ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಾವಾಗಿ ನುಂಗಬಾರದೆಂಬುದೂ, ಮಗು ಬೇಕೆನ್ನುವವರು ಹೈಡ್ರಾಕ್ಸಿಯೂರಿಯಾ ಕುರಿತು ಮೊದಲೇ ವೈದ್ಯರೊಡನೆ ಮಾತಾಡಬೇಕೆಂಬುದೂ ವಯಸ್ಕರಿಗೇ ಸೇರಿದ ಪಾಠಗಳು.

ಕಲಿಸುವ ರೀತಿಗೆ ಬೇರೆ ಶಾಸ್ತ್ರಗಳು ನೆರವಾದವು. ನರ್ಸಿಂಗ್ ಚಿಂತಕಿ ಡೊರೊಥಿಯಾ ಓರೆಮ್ 1971ರಲ್ಲಿ ಸ್ವ-ಆರೈಕೆಯ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮುಂದಿಟ್ಟರು. ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ನಡವಳಿಕೆಯನ್ನು ಹೇಗೆ ರೂಪಿಸುತ್ತದೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡುರಾ 1977ರಲ್ಲಿ ವಿವರಿಸಿದರು. ಆ ನಂಬಿಕೆಯನ್ನು ಸಿಕಲ್ ಸೆಲ್ ರೋಗಿಗಳಲ್ಲಿ ಅಳೆಯುವ ಪ್ರಶ್ನಾವಳಿ 2000ರ ಹೊತ್ತಿಗೆ ಸಿದ್ಧವಾಯಿತು. ಆದರೂ ಪಾಠದಿಂದ ತಿಳಿವಳಿಕೆ ಹೆಚ್ಚುತ್ತದೆಂದು ತೋರಿಸುವುದು ಸುಲಭ, ನೋವೋ ಆಸ್ಪತ್ರೆವಾಸವೋ ಕಡಿಮೆಯಾಯಿತೆಂದು ತೋರಿಸುವುದು ಕಷ್ಟ. ಹೆಚ್ಚಿನ ಪ್ರಯೋಗಗಳು ಚಿಕ್ಕವು, ಅಲ್ಪಾವಧಿಯವು. ಇನ್ನೊಂದು ತೊಡಕು ಪಾಠದ ಹೊರಗಿನದು. ತನ್ನ ನೋವಿಗೆ ಯಾವ ಔಷಧಿ, ಎಷ್ಟು ಪ್ರಮಾಣದಲ್ಲಿ ನಾಟುತ್ತದೆಂದು ಬಲ್ಲ ರೋಗಿಯನ್ನೇ ತುರ್ತು ಘಟಕಗಳಲ್ಲಿ ಮಾದಕ ವ್ಯಸನಿಯೆಂದು ಶಂಕಿಸಿದ ಅನುಭವಗಳು ಅಮೆರಿಕ, ಬ್ರಿಟನ್ ಎರಡರಲ್ಲೂ ಹೇರಳವಾಗಿ ದಾಖಲಾಗಿವೆ. ಬ್ರಿಟನ್ ಸಂಸತ್ತಿನ ಸದಸ್ಯರ ಗುಂಪು 2021ರಲ್ಲಿ ಹೊರತಂದ ವರದಿ, ರೋಗಿಗಳ ಮಾತಿಗೆ ಯಾರೂ ಕಿವಿಗೊಡುತ್ತಿಲ್ಲವೆಂದು ತನ್ನ ಶೀರ್ಷಿಕೆಯಲ್ಲೇ ಸಾರಿತು. ಶಿಕ್ಷಣ ಬೇಕಾದದ್ದು ಮಂಚದ ಮೇಲಿರುವವರಿಗೆ ಮಾತ್ರವಲ್ಲ.

ಭಾರತದಲ್ಲಿ ಈ ಕಥೆಯ ಆರಂಭ ಕರ್ನಾಟಕದ ಗಡಿಯಲ್ಲೇ ಇದೆ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಷ್ ನೀಲಗಿರಿಯ ಆದಿವಾಸಿಗಳಲ್ಲಿ ಈ ವಂಶವಾಹಿಯನ್ನು ಗುರುತಿಸಿದರು. ಮುಂದೆ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸೋಲಿಗ, ಜೇನುಕುರುಬ, ಯರವರಲ್ಲೂ ಅದು ಕಂಡುಬಂತು. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಇದರ ತಪಾಸಣೆ, ಚಿಕಿತ್ಸೆ ಕೈಗೊಂಡಿತು. ವಯನಾಡಿನ ರೋಗಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಕೇರಳ ಸರ್ಕಾರ ರೋಗಿಗಳಿಗೆ ಮಾಸಿಕ ಪಿಂಚಣಿ ನೀಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಈ ರೋಗವನ್ನು ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿತು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ, 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ತಪಾಸಣೆಯಾದವರಿಗೆ ಅದು ಹಂಚುವ ಕಾರ್ಡು ಮುಖ್ಯವಾಗಿ ಮದುವೆಯ ತೀರ್ಮಾನಕ್ಕೆ ನೆರವಾಗುವಂಥದ್ದು. 1972ರ ಅಮೆರಿಕದ ಒತ್ತು ಇಲ್ಲೂ ಮರುಕಳಿಸಿದೆ. ವಯಸ್ಕ ರೋಗಿಯ ಪಾಠವನ್ನಾದರೋ ಪರದೇಶದ ಕರಪತ್ರದಿಂದ ಎತ್ತಿಕೊಳ್ಳಲು ಬರುವುದಿಲ್ಲ. ಕಾಫಿ ತೋಟದ ದಿನಗೂಲಿಯವರಿಗೆ ಮಳೆಯಲ್ಲಿ ನೆನೆಯಬೇಡಿ ಎನ್ನುವುದು ಮುಂಗಾರಿನುದ್ದಕ್ಕೂ ಕೂಲಿ ಬಿಡಿ ಎಂದಂತೆ. ಹೈಡ್ರಾಕ್ಸಿಯೂರಿಯಾ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಕ್ಕರೂ, ಅದರ ಜೊತೆಗಿನ ರಕ್ತಪರೀಕ್ಷೆಗೆ ಹಾಡಿಯಿಂದ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಸಂಬಳವೂ ಬಸ್ಸಿನ ಖರ್ಚೂ ಹೋಗುತ್ತವೆ.