ಕ್ರಾಸ್ ಉಳಿಯಿತು, ಮನೆ ಹೋಯಿತು

ಬೆಂಗಳೂರಿನ ಮಲ್ಲೇಶ್ವರದ ಹಳಬರನ್ನು ವಿಳಾಸ ಕೇಳಿದರೆ ಮೊದಲು ಬರುವುದು ಕ್ರಾಸಿನ ನಂಬರು. ಮನೆ ಕೆಡವಿ ನಾಲ್ಕು ಮಹಡಿ ಎದ್ದಿರಬಹುದು, ಗೇಟಿನ ಎದುರಿನ ಹೊಂಗೆಮರ ಹೋಗಿರಬಹುದು. ‘ನಾವು ಹನ್ನೊಂದನೇ ಕ್ರಾಸಿನವರು’ ಎಂಬ ಮಾತು ಮಾತ್ರ ಹೋಗಿಲ್ಲ. ಹುಟ್ಟಿ ಬೆಳೆದ ಬೀದಿಯ ಫೋಟೋ ತೆಗೆಯಲು ಅಮೆರಿಕದಿಂದಲೋ ಜೆ.ಪಿ. ನಗರದಿಂದಲೋ ಬರುವವರಿಗೆ ದಾರಿ ತೋರಿಸುವುದೂ ಅದೇ ನಂಬರು.

ಈ ಕ್ರಾಸುಗಳು ಹುಟ್ಟಿದ್ದು ಹೀಗೆ: ಹಳೇ ಊರಿನ ಪೇಟೆ, ಕೋಟೆಗಳ ಇಕ್ಕಟ್ಟಿನಾಚೆ 1892ರಲ್ಲಿ ಚಾಮರಾಜಪೇಟೆ ಬಡಾವಣೆ ಬಂತು. 1898ರಲ್ಲಿ ಪ್ಲೇಗು ಬಡಿದಾಗ ಜನ ಊರು ಬಿಟ್ಟು ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರ ಮೈದುಂಬಿದ್ದು ಆ ಭಯದಿಂದ. ಅಗಲವಾದ ರಸ್ತೆ, ಮನೆ ಸುತ್ತ ಗಾಳಿಯಾಡಲು ಜಾಗ, ಹಿತ್ತಿಲಾಚೆ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯದಿರಲಿ ಎಂದೇ ಆ ಗಲ್ಲಿ. ನಿವೇಶನ ಹಂಚುವಾಗಲೂ ಜಾತಿಯ ಲೆಕ್ಕವಿತ್ತು. ಹಳೇ ಬೆಂಗಳೂರನ್ನು ನೆನೆದು ನಿಟ್ಟುಸಿರಿಡುವವರ ಕ್ಯಾಮೆರಾ ಆ ಗಲ್ಲಿಯನ್ನು ಹೊಗುವುದು ಅಪರೂಪ.

ಆ ಕ್ಯಾಮೆರಾ ಹುಡುಕುವುದು ಮಂಕಿ ಟಾಪನ್ನು. ಕಿಟಕಿಯ ಮೇಲೆ ಚೂಪಾಗಿ ಮುಂಚಾಚಿದ ಮಾಡು, ಅದರಡಿ ಒತ್ತಾಗಿ ಜೋಡಿಸಿದ ಮರದ ಪಟ್ಟಿಗಳು, ಮೇಲೆ ಮಂಗಳೂರು ಹೆಂಚು. ಚೆಂದವೇ, ಇಲ್ಲವೆನ್ನಲಾಗದು. ಇಂಥ ಕಟ್ಟಡಗಳನ್ನು ಶ್ರದ್ಧೆಯಿಂದ ಹಿಡಿದಿಟ್ಟವರು ಐಎಎಸ್ ಅಧಿಕಾರಿ ಟಿ.ಪಿ. ಇಸ್ಸಾರ್. ಅವರ ‘ದಿ ಸಿಟಿ ಬ್ಯೂಟಿಫುಲ್’ 1988ರಲ್ಲಿ ಪ್ರಕಟವಾಯಿತು. ಅದರೊಳಗಿನ ಎಷ್ಟೋ ಮನೆಗಳಿಗೆ ಈಗ ಆ ಪುಸ್ತಕವೇ ವಿಳಾಸ.

ವಠಾರಗಳಿಗೆ ಆ ಭಾಗ್ಯ ಬರಲಿಲ್ಲ. ಒಂದು ಬಾಗಿಲೊಳಗೆ ಹಲವು ಸಂಸಾರ, ಎಲ್ಲರಿಗೂ ಒಂದೇ ನಲ್ಲಿ, ಅಲ್ಲಿ ಸರದಿಗಾಗಿ ಜಗಳ. ಅದೆಷ್ಟೋ ಮಂದಿಯ ಬಾಲ್ಯ ಕಳೆದದ್ದು ಅಲ್ಲೇ, ಆದರೆ ಅದನ್ನು ಯಾರು ಫೋಟೋ ತೆಗೆದಾರು? ಆಗ ಫೋಟೋ ಎಂದರೆ ಸ್ಟುಡಿಯೋ. 1910ರಲ್ಲಿ ಶುರುವಾದ ಜಿ.ಕೆ. ವೇಲ್‌ನಂಥ ಕಡೆ ಇಸ್ತ್ರಿ ಬಟ್ಟೆ ತೊಟ್ಟು ಪರದೆಯ ಮುಂದೆ ಬಿಗಿಯಾಗಿ ನಿಲ್ಲುತ್ತಿದ್ದರು. ಬೀದಿ ಹೊರಗೇ ಉಳಿಯುತ್ತಿತ್ತು. ಮನೆಗೆ ಕ್ಯಾಮೆರಾ ಬಂದದ್ದು ಉಪನಯನಕ್ಕೋ ಹೊಸ ಸ್ಕೂಟರಿಗೋ. ಸ್ಕೂಟರಿನ ಪಕ್ಕ ಅಪ್ಪ ಠೀವಿಯಿಂದ ನಿಂತಿರುತ್ತಾರೆ. ಹಿಂದೆ, ಫೋಕಸ್ಸಿಲ್ಲದೆ, ಬಟ್ಟೆ ಒಣಹಾಕಿದ ಹಗ್ಗ, ತಾಮ್ರದ ಹಂಡೆ, ಇಣುಕುವ ಪಕ್ಕದ ಮನೆ ಹುಡುಗಿ. ಇಂದು ಆ ಚಿತ್ರಕ್ಕೆ ಬೆಲೆ ಬಂದಿರುವುದು ಈ ಹಿನ್ನೆಲೆಯಿಂದಲೇ. (ಅಪ್ಪಂದಿರು ಕ್ಷಮಿಸಬೇಕು.)

ಹೊರಗೆ ಬೀದಿಯೂ ಬದಲಾಯಿತು: ಮಲ್ಲೇಶ್ವರದ ರಾಜಾ ಮಿಲ್ಸ್ ಇದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. 2014ರಲ್ಲಿ ಪಕ್ಕದಲ್ಲೇ ಸಂಪಿಗೆ ರಸ್ತೆ ಮೆಟ್ರೋ ನಿಲ್ದಾಣ ಬಂತು. ಎಲ್ಲವೂ ಹೋಯಿತು ಎನ್ನುವವರು ಕಾಡು ಮಲ್ಲೇಶ್ವರನ ಗುಡಿಯ ಎದುರಿನ ನಂದಿತೀರ್ಥಕ್ಕೂ ಒಮ್ಮೆ ಹೋಗಬೇಕು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಸುರಿಯುವ ಈ ಕಲ್ಯಾಣಿ ಮಣ್ಣಿನಡಿಯಿಂದ ಬೆಳಕಿಗೆ ಬಂದದ್ದು 1997ರಲ್ಲಿ. ಅರವತ್ತರ ದಶಕದಲ್ಲಿ ಅಲ್ಲಿ ಆಡಿ ಬೆಳೆದವರ ನೆನಪಿನಲ್ಲಿ ಅದು ಇಲ್ಲವೇ ಇಲ್ಲ. ಇಂದಿನ ಮಕ್ಕಳಿಗೆ ಹಳೇ ಮಲ್ಲೇಶ್ವರ ಎಂದರೆ ಅದೇ. ಒಂದೇ ಬಡಾವಣೆಯಲ್ಲಿ ತಲೆಮಾರಿಗೊಂದು ಊರು.

ಹಾಗಾಗಿ ಈಗ ಕ್ಯಾಮೆರಾ ಹಿಡಿದು ಹೊರಡುವವರು ಮಂಕಿ ಟಾಪಿನ ಜೊತೆಗೆ ಉಳಿದಿರುವ ವಠಾರದ ಒಳಗನ್ನೂ ಕನ್ಸರ್ವೆನ್ಸಿ ಗಲ್ಲಿಯನ್ನೂ, ಅಲ್ಲಿನವರನ್ನು ಕೇಳಿಕೊಂಡು, ತೆಗೆಯಲಿ. ಹಳೇ ಆಲ್ಬಮ್ ಇಟ್ಟುಕೊಂಡವರು ಮನೆಯ ಹಿರಿಯರನ್ನು ಕೂರಿಸಿಕೊಂಡು ಪ್ರತಿ ಫೋಟೋದ ಬೆನ್ನಿಗೆ ವರ್ಷ, ಕ್ರಾಸು, ಹಿಂದೆ ಇಣುಕಿದವರ ಹೆಸರು ಮೂರನ್ನೂ ಪೆನ್ಸಿಲ್ಲಿನಲ್ಲಿ ಬರೆದಿಡಲಿ.